ಬೆಣ್ಣೆಯ ವಾಸನೆಯ ಬಿಯರ್

ಮನೆಯಲ್ಲೇ ಬಿಯರ್ ತಯಾರಿಸುವ ನಮ್ಮ ಕ್ಲಬ್ಬಿನ ಕೂಟ ಮುಗಿಸಿಕೊಂಡು ಈಗಷ್ಟೇ ಬಂದೆ. ಇಂದು ಎಲ್ಲರೂ ಸೇರಿ ಒಂದೇ ಹಂಡೆಯಲ್ಲಿ ತಯಾರಿಸಿದೆವು. ನುಚ್ಚು ಮಾಡಿದ ಬಾರ್ಲಿ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು) 66 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗಂಟೆ ಬಿಸಿನೀರಿನಲ್ಲಿಟ್ಟರೆ, ಅದರೊಳಗಿನ ಕಿಣ್ವಗಳೇ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಹೊತ್ತಿನಲ್ಲಿ ಯಾರಿಗೂ ಹೆಚ್ಚು ಕೆಲಸವಿಲ್ಲ. ಕ್ಲಬ್ಬಿನ ನಿಜವಾದ ಮಾತುಕತೆ ನಡೆಯುವುದು ಆಗಲೇ.

ನನಗೆ ಬಹಳ ಇಷ್ಟ ರುಚಿ ನೋಡುವ ಸುತ್ತು. ಸೀಸೆಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಹಸಿ ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್, ಬೆಣ್ಣೆಯದಾದರೆ ಡೈಅಸಿಟೈಲ್; ಎರಡೂ ಯೀಸ್ಟ್ ಸಕ್ಕರೆಯನ್ನು ಹುದುಗಿಸುವಾಗ ಹುಟ್ಟುವ ರಾಸಾಯನಿಕಗಳು. ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಬಿಯರನ್ನು ತಣಿಸಿದರೆ ಈ ಬೆಣ್ಣೆ ಉಳಿದುಬಿಡುತ್ತದೆ. ಇಂದು ಹೊಸ ಸದಸ್ಯೆಯೊಬ್ಬರ ಬಿಯರಿನಲ್ಲಿ ಅದು ಸ್ಪಷ್ಟವಾಗಿತ್ತು. ಹಿರಿಯರೊಬ್ಬರು ಮುಚ್ಚುಮರೆಯಿಲ್ಲದೆ ಹಾಗೆಂದು ಹೇಳಿ, ಪಕ್ಕದಲ್ಲೇ ಕುಳಿತು ಆಕೆಯ ತಾಪಮಾನದ ಟಿಪ್ಪಣಿಗಳನ್ನು ಒಂದೊಂದಾಗಿ ಓದಿದರು. ಇಷ್ಟು ನೇರವಾಗಿ, ಇಷ್ಟು ಅಕ್ಕರೆಯಿಂದ ತಿದ್ದುವವರು ಬೇರೆಲ್ಲಿ ಸಿಗುತ್ತಾರೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. (ಬರೀ ಹೊಗಳುವ ಕ್ಲಬ್ಬಾಗಿದ್ದರೆ ನಾನು ಉಳಿಯುತ್ತಿರಲಿಲ್ಲ.)

ಇಂದು ಕುದಿಸಿ ತಣಿಸಿದ ಮಾಲ್ಟ್ ರಸವನ್ನು ಹಂಚಿಕೊಂಡಿದ್ದೇವೆ. ಅದಕ್ಕೆ ಒಬ್ಬೊಬ್ಬರೂ ಬೇರೆ ಬೇರೆ ಯೀಸ್ಟ್ ಹಾಕಿ ಮುಂದಿನ ಕೂಟಕ್ಕೆ ತರಬೇಕು. ನಾನು ಗೋಧಿ ಬಿಯರಿನ ಯೀಸ್ಟನ್ನೇ ಕೇಳಿ ಪಡೆದೆ. ಬಾಳೆಹಣ್ಣು, ಲವಂಗದ ಪರಿಮಳ ಕೊಡುವ ತಳಿ ಅದು.