ದುಡ್ಡು ಬಂದಾಗಲೆಲ್ಲ ಹೋಮ್ ಲೋನ್‌ಗೇ ಕಟ್ಟಬೇಕಾ?

ನನಗೆ ಲೆಕ್ಕದ ಹುಚ್ಚು ಅಂತ ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಒಂದೇ. ಕೈಗೆ ಸ್ವಲ್ಪ ದುಡ್ಡು ಬಂದಿದೆ, ಬೋನಸ್ಸೋ, ಅವಧಿ ಮುಗಿದ ಎಫ್‌ಡಿಯೋ. ಇದನ್ನು ಹೋಮ್ ಲೋನ್‌ಗೆ ಕಟ್ಟಿ ಸಾಲ ಬೇಗ ತೀರಿಸಲಾ, ಇಲ್ಲ ಉಳಿಸಿ ಇಟ್ಟುಕೊಳ್ಳಲಾ? ಕೇಳುವ ಧಾಟಿಯಲ್ಲೇ ಗೊತ್ತಾಗುತ್ತದೆ, ಕಟ್ಟುವುದು ಅಂತ ಅವರು ಆಗಲೇ ತೀರ್ಮಾನ ಮಾಡಿಯಾಗಿದೆ, ನಾನು ಹೂಂ ಅನ್ನಬೇಕು ಅಷ್ಟೇ. ನಾನು ಹೂಂ ಅನ್ನುವುದಿಲ್ಲ. ನಾಳೆಯಿಂದ ಸಂಬಳ ನಿಂತುಹೋದರೆ ಎಷ್ಟು ತಿಂಗಳು ಮನೆ ನಡೆಯುತ್ತದೆ ಅಂತ ತಿರುಗಿ ಕೇಳುತ್ತೇನೆ. ಆರು ತಿಂಗಳು ಅಂದರೆ ಧಾರಾಳವಾಗಿ ಕಟ್ಟಿ. ಒಂದೋ ಎರಡೋ ಅಂದರೆ ಸದ್ಯಕ್ಕೆ ಬೇಡ. ಲೋನ್‌ನ ಇಎಂಐ, ಅಂದರೆ ತಿಂಗಳ ಕಂತು ಕೂಡ ಈ ಆರು ತಿಂಗಳ ಲೆಕ್ಕದೊಳಗೇ ಬರಬೇಕು, ಅದನ್ನು ಬಿಟ್ಟು ಬರೀ ದಿನಸಿ, ಕರೆಂಟು, ಸ್ಕೂಲ್ ಫೀಸು ಅಂತ ಎಣಿಸುವವರೇ ಜಾಸ್ತಿ.

ಬೇಗ ತೀರಿಸಬೇಕು ಅನ್ನಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. 30 ಲಕ್ಷ ಸಾಲ, 20 ವರ್ಷ, ಬಡ್ಡಿ 8.5% ಅಂತ ಇಟ್ಟುಕೊಳ್ಳಿ. ಇಎಂಐ ಸುಮಾರು 26,035 ಬರುತ್ತದೆ. ಮೊದಲ ತಿಂಗಳು ಅದರಲ್ಲಿ 21,250 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಐದು ಸಾವಿರವೂ ಇಲ್ಲ. ಐದು ವರ್ಷ ತಪ್ಪದೆ ಕಟ್ಟಿದರೆ ಕೈಯಿಂದ 15 ಲಕ್ಷಕ್ಕಿಂತ ಜಾಸ್ತಿ ಹೋಗಿರುತ್ತದೆ, ಸಾಲ ಇಳಿದಿರುವುದು ಮೂರೂವರೆ ಲಕ್ಷ ಚಿಲ್ಲರೆ. 13 ವರ್ಷ ಕಟ್ಟಿದ ಮೇಲೂ ಅರ್ಧಕ್ಕಿಂತ ಹೆಚ್ಚು ಅಸಲು ಬಾಕಿ ಇರುತ್ತದೆ. ಪೂರ್ತಿ 20 ವರ್ಷಕ್ಕೆ ಬಡ್ಡಿಯೇ 32 ಲಕ್ಷ ದಾಟುತ್ತದೆ, ಅಂದರೆ ತಂದ ಸಾಲಕ್ಕಿಂತ ಜಾಸ್ತಿ. ಇದರಲ್ಲಿ ಮೋಸ ಏನೂ ಇಲ್ಲ. ಬಡ್ಡಿ ಲೆಕ್ಕ ಆಗುವುದು ಬಾಕಿ ಇರುವ ಅಸಲಿನ ಮೇಲೆ, ಮೊದಮೊದಲು ಅಸಲು ದೊಡ್ಡದು, ಹಾಗಾಗಿ ಬಡ್ಡಿಯೂ ದೊಡ್ಡದು. ಅದಕ್ಕೇ ಮೊದಲ ವರ್ಷಗಳಲ್ಲಿ ಹೆಚ್ಚಿಗೆ ಕಟ್ಟಿದ ಒಂದೊಂದು ಸಾವಿರಕ್ಕೂ ಬೆಲೆ ಜಾಸ್ತಿ, ಕೊನೆಯ ಎರಡು ಮೂರು ವರ್ಷದಲ್ಲಿ ಒದ್ದಾಡಿ ಕಟ್ಟಿದರೆ ಉಳಿಯುವುದು ಅಷ್ಟಕ್ಕಷ್ಟೇ.

ಈ ಲೆಕ್ಕ ಗೊತ್ತಾದ ದಿನದಿಂದ ನನಗೆ ತಲೆ ಕೆಟ್ಟಿತು. ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿಕೊಂಡೆ. ಬಾಕಿ ಅಸಲು ಎಷ್ಟು, ಇವತ್ತು ಇಷ್ಟು ಕಟ್ಟಿದರೆ ಎಷ್ಟು ಕಂತು ಕಮ್ಮಿಯಾಗುತ್ತದೆ, ಸಾಲ ಯಾವ ತಿಂಗಳಿಗೆ ಮುಗಿಯುತ್ತದೆ. ದಿನಾ ರಾತ್ರಿ ಅದನ್ನು ತೆರೆದು ನೋಡುತ್ತಿದ್ದೆ, ರಾತ್ರೋರಾತ್ರಿ ಅದರಲ್ಲಿ ಏನೋ ಬದಲಾಗುತ್ತದೆ ಅನ್ನುವ ಹಾಗೆ. ಬೋನಸ್ ಬಂದರೆ ಅಲ್ಲಿಗೆ, ಅಪ್ಪ ಕೊಟ್ಟ ದುಡ್ಡು ಅಲ್ಲಿಗೆ, ತಿಂಗಳ ಕೊನೆಗೆ ಉಳಿದ ಚಿಲ್ಲರೆಯೂ ಅಲ್ಲಿಗೆ.

ಆ ಸಮಯಕ್ಕೆ ಸರಿಯಾಗಿ ನಮ್ಮ ವಾಷಿಂಗ್ ಮೆಷಿನ್ ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಹೊಸದು ತರುತ್ತಿದ್ದೆವೇನೋ. ಒಗೆಯುತ್ತಿತ್ತು, ಹಿಂಡುತ್ತಿರಲಿಲ್ಲ. ನೀರು ತೊಟ್ಟಿಕ್ಕುವ ಬಟ್ಟೆಯನ್ನು ಹಾಗೇ ಉಗುಳುತ್ತಿತ್ತು. ಒಗೆಯುತ್ತದಲ್ಲ, ಸಾಕು ಅಂದೆ ನಾನು. ಎಂಟು ತಿಂಗಳು, ಪ್ರತಿ ಭಾನುವಾರ, ನಾನು ಮತ್ತು ನನ್ನ ಗಂಡ ಒದ್ದೆ ಬೆಡ್‌ಶೀಟಿನ ಒಂದೊಂದು ತುದಿ ಹಿಡಿದು ಎದುರುಬದುರು ನಿಂತು ಹಿಂಡಿದ್ದೇವೆ. ಅವರು ಬಲಕ್ಕೆ ತಿರುಚಿದರೆ ನಾನೂ ಬಲಕ್ಕೆ ತಿರುಚಬೇಕು, ಎಡಕ್ಕೆ ತಿರುಚಿದರೆ ಹಿಂಡಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ, ಇಷ್ಟು ಸಣ್ಣ ವಿಷಯಕ್ಕೆ ಎಷ್ಟು ಜಗಳ ಆಡಬಹುದು ಅಂತ ನನಗೆ ಆಗಲೇ ಗೊತ್ತಾಗಿದ್ದು. ಒಂದು ಭಾನುವಾರ ಅವರು ಕೈಯಲ್ಲಿದ್ದ ತುದಿಯನ್ನು ಬಿಟ್ಟುಬಿಟ್ಟರು. "ಒಂದು ಕೆಲಸ ಮಾಡು, ಇದನ್ನೂ ಒಯ್ದು ಬ್ಯಾಂಕಿಗೇ ಕಟ್ಟಿಬಿಡು" ಅಂದು ಒಳಗೆ ಹೋದರು. ಹಿಂಡಿದ ಬೆಡ್‌ಶೀಟೆಲ್ಲ ಮತ್ತೆ ನೆಲದ ಪಾಲು. ಅದನ್ನು ಒಬ್ಬಳೇ ಬಕೆಟ್ಟಿಗೆ ತುಂಬುತ್ತಾ ನಾನು ಆಗಲೂ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ, ಮೆಷಿನ್ ತಂದಿದ್ದರೆ ಎಷ್ಟು ಕಂತು ಹಿಂದೆ ಬೀಳುತ್ತಿದ್ದೆವು ಅಂತ. ಎರಡು ಕಂತು. ಎಂಟು ತಿಂಗಳ ಭಾನುವಾರಗಳನ್ನು ನಾನು ಎರಡು ಕಂತಿಗೆ ಮಾರಿದ್ದೆ.

ಅಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ. ಬಂದಿದ್ದು ಮುಂದಿನ ವರ್ಷ. ಇದ್ದಬದ್ದದ್ದನ್ನೆಲ್ಲ ಗುಡಿಸಿ ಒಂದು ದೊಡ್ಡ ಮೊತ್ತ ಕಟ್ಟಿ, ಶೀಟಿನಲ್ಲಿ ಕೊನೆಯ ತಾರೀಕು ಹಿಂದಕ್ಕೆ ಬಂದಿದ್ದು ನೋಡಿ ಖುಷಿಪಟ್ಟು ಎರಡು ತಿಂಗಳೂ ಆಗಿರಲಿಲ್ಲ, ಅವರ ಕೆಲಸ ಹೋಯಿತು. ನನ್ನ ಸಂಬಳ ಇಎಂಐಗೆ ಸಾಕಾಗುತ್ತಿತ್ತು, ಮನೆಗೆ ಸಾಕಾಗುತ್ತಿರಲಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದೆ, ಮೊನ್ನೆ ತಾನೇ ಇಷ್ಟೊಂದು ಹೆಚ್ಚಿಗೆ ಕಟ್ಟಿದ್ದೇವಲ್ಲ, ನಾಲ್ಕು ತಿಂಗಳು ಕಂತು ಬಿಡಬಹುದಾ? ಆಗಲ್ಲ ಅಂದರು. ಹೆಚ್ಚಿಗೆ ಕಟ್ಟಿದ್ದು ಅಸಲಿಗೆ ಹೋಗಿದೆ, ಮುಂದಿನ ತಿಂಗಳ ಕಂತು ಮುಂದಿನ ತಿಂಗಳು ಕಟ್ಟಲೇಬೇಕು. ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಷ್ಟೇ ಪ್ರೀಪೇಮೆಂಟ್, ಅಂದರೆ ಕಂತಿಗಿಂತ ಹೆಚ್ಚಿಗೆ ಮೊದಲೇ ಕಟ್ಟುವುದು, ಮಾಡಿದರೂ ಸಾಲದ ಬಾಲ ಕಡಿಮೆಯಾಗುತ್ತದೆಯೇ ಹೊರತು ಬರುವ ತಿಂಗಳ ಕಂತು ಮಾಫಿ ಆಗುವುದಿಲ್ಲ. ಕೊನೆಗೆ ಹೋಮ್ ಲೋನ್‌ಗಿಂತ ಹೆಚ್ಚಿನ ಬಡ್ಡಿಗೆ ಪರ್ಸನಲ್ ಲೋನ್ ತಂದೆವು. ಕಡಿಮೆ ಬಡ್ಡಿಯ ಸಾಲ ತೀರಿಸಲು ಕೈ ಖಾಲಿ ಮಾಡಿಕೊಂಡು, ಕೈ ಖಾಲಿ ಅಂತ ಹೆಚ್ಚು ಬಡ್ಡಿಯ ಸಾಲ ತಂದಿದ್ದು. ಲೆಕ್ಕದ ಹುಚ್ಚಿರುವವಳು ಮಾಡಿದ ಲೆಕ್ಕ ಇದು.

ಹಾಗಾಗಿ ಈಗ ನಾನು ಹೇಳುವ ಕ್ರಮ ಬೇರೆ. ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್ ಇದ್ದರೆ ಮೊದಲು ಅದನ್ನು ತೀರಿಸಿ, ಹೋಮ್ ಲೋನ್ ಎಲ್ಲದರಲ್ಲಿ ಅಗ್ಗದ ಸಾಲ, ಅದು ಕಾಯುತ್ತದೆ. ಆಮೇಲೆ ಆರು ತಿಂಗಳ ಖರ್ಚು ಬೇಕೆಂದಾಗ ತೆಗೆಯುವ ಹಾಗೆ ಒಂದು ಕಡೆ ಇರಲಿ. ಒಬ್ಬರದೇ ದುಡಿಮೆ ಆದರೆ ಇನ್ನೂ ಸ್ವಲ್ಪ ಜಾಸ್ತಿ ಇರಲಿ. ಸಾಲದಷ್ಟು ಮೊತ್ತಕ್ಕಾದರೂ ಒಂದು ಟರ್ಮ್ ಇನ್ಶೂರೆನ್ಸ್, ಅಂದರೆ ತೀರಿಕೊಂಡರೆ ಮನೆಯವರಿಗೆ ದುಡ್ಡು ಕೊಡುವ ವಿಮೆ ಇರಲಿ, ದುಡಿಯುವವರಿಗೆ ಏನಾದರೂ ಆದರೆ ಮನೆಯವರು ಗೋಡೆಯ ಒಂದು ಇಟ್ಟಿಗೆ ಕಿತ್ತು ಮಾರಲು ಆಗುವುದಿಲ್ಲವಲ್ಲ. ಇಷ್ಟಾದ ಮೇಲೆ ಪ್ರೀಪೇಮೆಂಟ್ ಮಾತು. ಉಳಿತಾಯ ಖಾತೆಯನ್ನು ಸಾಲದ ಜೊತೆ ಜೋಡಿಸುವ ಲೋನ್ ಸಿಕ್ಕರೆ ಇನ್ನೂ ಒಳ್ಳೆಯದು. ಖಾತೆಯಲ್ಲಿ ಇಟ್ಟಷ್ಟು ದಿನ ಅಷ್ಟು ಅಸಲಿಗೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ದುಡ್ಡು ವಾಪಸ್ ತೆಗೆಯಬಹುದು. ಇದರ ಬಡ್ಡಿ ದರ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಇರುತ್ತದೆ, ಹಾಗಾಗಿ ಖಾತೆಯಲ್ಲಿ ದುಡ್ಡು ನಿಲ್ಲಿಸುವ ಅಭ್ಯಾಸ ಇದ್ದವರಿಗೆ ಮಾತ್ರ ಲಾಭ.

"ಆ ದುಡ್ಡನ್ನು ಮ್ಯೂಚುವಲ್ ಫಂಡಿಗೆ ಹಾಕಿದರೆ ಇನ್ನೂ ಜಾಸ್ತಿ ಬರುತ್ತದಲ್ಲ?" ಅಂತ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಬರಬಹುದು. 8.5% ಸಾಲ ತೀರಿಸಿದರೆ 8.5% ಖಂಡಿತ ಉಳಿಯುತ್ತದೆ, ಅಲ್ಲಿ ಬರುವುದು ಖಂಡಿತ ಅಲ್ಲ, ಬಂದ ಲಾಭಕ್ಕೆ ತೆರಿಗೆಯೂ ಇರಬಹುದು. ನನ್ನ ತಕರಾರು ಬೇರೆ. ಲೋನ್‌ಗೆ ಕಟ್ಟದೆ ಉಳಿಸಿದ ದುಡ್ಡನ್ನು ನಿಜವಾಗಿ ಫಂಡಿಗೆ ಹಾಕುವವರು ಎಷ್ಟು ಜನ? ಬಹಳಷ್ಟು ಸಲ ಅದು ಹೊಸ ಫೋನ್ ಆಗಿರುತ್ತದೆ. ಹಾಕುವ ಶಿಸ್ತು ಇದ್ದರೆ ಹಾಕಿ. ನಿವೃತ್ತಿಗೆ ಉಳಿಸುವುದನ್ನಂತೂ ಸಾಲ ಮುಗಿಯುವವರೆಗೆ ಮುಂದೂಡಬೇಡಿ. ಅದು ಬೆಳೆಯಲು ಬೇಕಾಗುವುದೇ ವರ್ಷಗಳು. ವರ್ಷಕ್ಕೆ 8% ಬೆಳೆಯುವ ದುಡ್ಡು ಇಮ್ಮಡಿ ಆಗಲು ಸುಮಾರು 9 ವರ್ಷ ಬೇಕು, ಮೊದಲ 9 ವರ್ಷ ಬಿಟ್ಟುಕೊಟ್ಟರೆ ಕೊನೆಯಲ್ಲಿ ಒಂದು ಇಮ್ಮಡಿ ಹೋಯಿತು ಅಂತಲೇ ಅರ್ಥ.

ಮನೆ ಮತ್ತು ಸಾಲ ಎರಡೂ ನಡೆಯಬೇಕು ಅಂದರೆ ನಮಗೆ ಹೊಂದಿದ್ದು ಸಣ್ಣಸಣ್ಣದಾಗಿ ಹೆಚ್ಚಿಸುವ ದಾರಿ. ಮೇಲಿನ 30 ಲಕ್ಷದ ಲೆಕ್ಕದಲ್ಲೇ, ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೂ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ಮುಗಿಯುತ್ತದೆ. ಸಂಬಳ ಏರಿದ ಹಾಗೆ ಪ್ರತಿ ವರ್ಷ ಇಎಂಐಯನ್ನೂ 5% ಏರಿಸುತ್ತಾ ಹೋದರೆ 20 ವರ್ಷದ ಸಾಲ 12 ವರ್ಷ ಚಿಲ್ಲರೆಗೆ ತೀರುತ್ತದೆ. ನನಗೂ ಮೊದಲ ಸಲ ನಂಬಿಕೆ ಬರಲಿಲ್ಲ, ಶೀಟಿನಲ್ಲಿ ಎರಡು ಸಲ ಹಾಕಿ ನೋಡಿದೆ. ಮೆಷಿನ್ ಇಲ್ಲದೆ ಬಟ್ಟೆ ಹಿಂಡಬೇಕಾದ ಅಗತ್ಯವೇ ಇರಲಿಲ್ಲ. ಹೆಚ್ಚಿಗೆ ಕಟ್ಟುವಾಗ ಇಎಂಐ ಇಳಿಸಬೇಡಿ, ಅವಧಿ ಇಳಿಸಿ ಅಂತ ಬ್ಯಾಂಕಿಗೆ ಬರವಣಿಗೆಯಲ್ಲೇ ಕೊಡಿ. ಮೊದಲೇ ಕಟ್ಟಿದ್ದಕ್ಕೆ ದಂಡ ಇದೆಯಾ ಅಂತ ಕರಾರು ಓದಿ ನೋಡಿ. ಬಡ್ಡಿ ದರ ಏರಿದಾಗ ಕೆಲವು ಬ್ಯಾಂಕುಗಳು ಇಎಂಐ ಹಾಗೇ ಬಿಟ್ಟು ಅವಧಿಯನ್ನು ಎಳೆಯುತ್ತವೆ, ಗಮನ ಕೊಡದಿದ್ದರೆ ನಿಮಗೆ ಗೊತ್ತೇ ಆಗದಿರಬಹುದು, ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ತೆಗೆದು ಎಷ್ಟು ಕಂತು ಬಾಕಿ ಅಂತ ಎಣಿಸಿ.

ಇನ್ನೊಂದು ಮಾತು, ಇದು ಬ್ಯಾಂಕಿಗೆ ಸಂಬಂಧಪಟ್ಟದ್ದಲ್ಲ. ಎಷ್ಟು ಹೆಚ್ಚಿಗೆ ಕಟ್ಟುವುದು ಅಂತ ಇಬ್ಬರೂ ಕೂತು ಮಾತಾಡಿ. ನಾನು ನಾಲ್ಕು ವರ್ಷ ಒಬ್ಬಳೇ ತೀರ್ಮಾನ ಮಾಡಿದೆ, ಒಳ್ಳೆಯದಕ್ಕೇ ಮಾಡುತ್ತಿದ್ದೇನಲ್ಲ ಅಂತ. ಈಗ ವರ್ಷದ ಶುರುವಿನಲ್ಲೇ ಒಂದು ಸಂಜೆ ಕೂರುತ್ತೇವೆ. ಈ ವರ್ಷ ಎಲ್ಲಿಗೆ ಹೋಗುವುದು, ಮನೆಗೆ ಏನು ಬೇಕು ಅನ್ನುವುದನ್ನು ಮೊದಲು ಬರೆಯುತ್ತೇವೆ, ಪ್ರೀಪೇಮೆಂಟ್ ಕೊನೆಯಲ್ಲಿ. ಮಗಳೂ ಕೂರುತ್ತಾಳೆ. ಹೋದ ಸಲ ಅವಳು ಬರೆಸಿದ್ದು ಸೈಕಲ್ಲಿಗೆ ಒಂದು ಬೆಲ್ಲು. ಅಷ್ಟು ಸಾಕಾ ಅಂದರೆ ಸಾಕು ಅಂದಳು. ಏನು ಕೇಳಿದರೂ ಲೋನ್ ಮುಗೀಲಿ ಅಂತಿದ್ದ ಅಮ್ಮನನ್ನು ನೋಡಿ ಬೆಳೆದ ಮಗು, ಕೇಳುವುದನ್ನೇ ಚಿಕ್ಕದು ಮಾಡಿಕೊಂಡಿದೆಯೇನೋ ಅಂತ ನನಗೆ ಇವತ್ತಿಗೂ ಅನುಮಾನ.

ನಮ್ಮ ಸಾಲ ಇನ್ನೂ ಇದೆ, 31 ಕಂತು ಬಾಕಿ. ಆ ಎಕ್ಸೆಲ್ ಶೀಟೂ ಇದೆ. ಮೇಲಿನ ಸಾಲಿನಲ್ಲಿ ಮೊದಲು ಬಾಕಿ ಅಸಲು ಇರುತ್ತಿತ್ತು. ಈಗ ಅಲ್ಲಿ ಸಂಬಳ ಇಲ್ಲದೆ ಎಷ್ಟು ತಿಂಗಳು ನಡೆಯುತ್ತದೆ ಅನ್ನುವುದು ಇದೆ. ಏಳು ಅಂತ ತೋರಿಸುತ್ತಿದೆ.