ಅಡಿಕೆ ಹಾಕದವರ ಗಂಟಲು

"ಎಲೆ-ಅಡಿಕೆ ಇಲ್ಲ, ಬೀಡಿ ಇಲ್ಲ, ಮತ್ತೆ ಕ್ಯಾನ್ಸರ್ ಎಲ್ಲಿಂದ ಬರುತ್ತೆ?" ಇವತ್ತು ಕಿವಿಗೆ ಬಿದ್ದ ಮಾತು.

ನಮ್ಮ ಕಡೆ ಬಹುಪಾಲು ಬಾಯಿ ಕ್ಯಾನ್ಸರ್ ತಂಬಾಕು, ಅಡಿಕೆಯಿಂದಲೇ, ನಿಜ. ಕೆನ್ನೆಯ ಒಳಗೆ, ವಸಡು, ನಾಲಗೆಯ ಅಂಚು. ಕನ್ನಡಿ ಹಿಡಿದರೆ ಕಾಣೋ ಜಾಗ.

ಆದರೆ ಇವೆರಡೂ ಇಲ್ಲದೆಯೂ ಗಂಟಲಿನ ಕ್ಯಾನ್ಸರ್ ತರೋ ವೈರಸ್ಸು ಒಂದಿದೆ, ಎಚ್‌ಪಿವಿ. ಅದು ಕೂರೋದು ಅದಕ್ಕೂ ಹಿಂದೆ. ಟಾನ್ಸಿಲ್ ಸಂದಿಯಲ್ಲಿ, ನಾಲಗೆಯ ಬುಡದಲ್ಲಿ. ಹೆಚ್ಚಾಗಿ 16ನೇ ಬಗೆಯದು. ಬಹುತೇಕರಲ್ಲಿ ಸೋಂಕು ತಾನೇ ಹೋಗುತ್ತೆ. ಉಳಿದುಕೊಂಡ ಕೆಲವರಲ್ಲಿ ಎಷ್ಟೋ ವರ್ಷದ ಮೇಲೆ ಗಡ್ಡೆ.

ಎಷ್ಟೋ ಸಲ ಮೊದಲ ಸುಳಿವು ಬಾಯಲ್ಲಿ ಇರೋದೇ ಇಲ್ಲ.
ಕತ್ತಿನ ಒಂದು ಪಕ್ಕ, ದವಡೆ ಕೆಳಗೆ, ನೋವಿಲ್ಲದ ಗಂಟು.

ನೋವಿಲ್ಲ ಅಂತಾನೇ ಬಿಟ್ಟುಬಿಡ್ತಾರೆ. ಇಲ್ಲಾ, ಆಂಟಿಬಯಾಟಿಕ್ ಒಂದು ಕೋರ್ಸು, ಆಮೇಲೆ ಇನ್ನೊಂದು. ಕೆಲವು ಗಂಟಿನೊಳಗೆ ನೀರು ತುಂಬಿರುತ್ತೆ. ಸೂಜಿ ಹಾಕಿದಾಗ ಬರೀ ನೀರೇ ಬಂದು, "ಸಾದಾ ಗುಳ್ಳೆ" ಅಂತ ರಿಪೋರ್ಟೂ ಬರಬಹುದು. ನಲವತ್ತು ದಾಟಿದವರು ಅದನ್ನ ಅಷ್ಟು ಸುಲಭಕ್ಕೆ ನಂಬಬಾರದು. ಗಂಟು 2-3 ವಾರಕ್ಕೂ ಇಳಿಯದಿದ್ದರೆ ಇಎನ್‌ಟಿ ಡಾಕ್ಟರು ಸ್ಕೋಪ್ (ಒಳಗೆ ನೋಡೋ ಸಣ್ಣ ನಳಿಗೆ) ಹಾಕಿ ಗಂಟಲು ನೋಡಲೇಬೇಕು. ಬಯಾಪ್ಸಿಯಲ್ಲಿ ಗಂಟಲಿನ ಕ್ಯಾನ್ಸರ್ ಅಂತ ಬಂದರೆ ಪಿ16 ಪರೀಕ್ಷೆ (ಎಚ್‌ಪಿವಿಯಿಂದ ಬಂದದ್ದಾ ಅನ್ನೋದರ ಸುಳಿವು ಕೊಡೋದು) ಆಯ್ತಾ ಅಂತ ಕೇಳಿ. ಅದು ಪಾಸಿಟಿವ್ ಅಂದ ತಕ್ಷಣ ಕುಸಿಯಬೇಡಿ, ತಂಬಾಕಿನದಕ್ಕಿಂತ ಈ ಬಗೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತೆ.

ಇದೇ ವೈರಸ್ಸು ತರೋ ಗರ್ಭಕಂಠದ ಕ್ಯಾನ್ಸರನ್ನ ಮೊದಲೇ ಪತ್ತೆ ಹಚ್ಚೋಕೆ ಪ್ಯಾಪ್ ಟೆಸ್ಟ್ ಇದೆ. ಗಂಟಲಿಗೆ ಅಂಥದ್ದು ಯಾವುದೂ ಇಲ್ಲ.

ಇರೋದು ಎಚ್‌ಪಿವಿ ಲಸಿಕೆ. 9ರಿಂದ 14 ವರ್ಷದವರಿಗೆ 2 ಡೋಸ್, ಆರು ತಿಂಗಳ ಅಂತರ. 15 ಆದಮೇಲೆ 3. ಹುಡುಗರಿಗೂ ಕೊಡಬಹುದು, ಪುಣೆಯಲ್ಲಿ ತಯಾರಾಗೋ ಸರ್ವಾವ್ಯಾಕ್ ಅನ್ನೋ ಲಸಿಕೆಗೂ ಆ ಅನುಮತಿ ಇದೆ. ಆಗಲೇ ಹತ್ತಿದ ಸೋಂಕನ್ನ ಮಾತ್ರ ಅದು ತೆಗೆಯಲ್ಲ. ಇಷ್ಟು ಚಿಕ್ಕ ವಯಸ್ಸಿಗೇ ಕೊಡೋದು ಅದಕ್ಕೇ.