ಪಾತ್ರ ಚೆನ್ನಾಗಿದೆಯಲ್ಲ, ಹಿನ್ನೆಲೆ ಯಾಕೆ ಬೇಕು?

‘ಅಕ್ಕಾ, ಕ್ಯಾರೆಕ್ಟರ್ ಚೆನ್ನಾಗಿ ಬಂದಿದೆ ಅಂತ ನೀವೇ ಹೇಳ್ತೀರಿ, ಹಿನ್ನೆಲೆ ಇಲ್ಲ ಅಂತ ನೀವೇ ವಾಪಸ್ ಕಳಿಸ್ತೀರಿ. ಪಾತ್ರ ಮುಖ್ಯವೋ, ಹಿಂದಿನ ಮರ ಮುಖ್ಯವೋ?’

ಪಾತ್ರಚಿತ್ರಗಳ ಆನ್‌ಲೈನ್ ಗುಂಪೊಂದರಲ್ಲಿ ಬಂದ ಚಿತ್ರಗಳನ್ನು ನೋಡಿ ಒಪ್ಪುವ, ಬೇಕಾದರೆ ತಿದ್ದಲು ಹೇಳುವ ಕೆಲಸ ನನ್ನದು. ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ಎರಡೆರಡು ಸಾಲಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಈ ಲೋಕದ ಪರಿಚಯ ಇಲ್ಲದವರಿಗೆ ಒಂದು ಮಾತು. 2000ದಲ್ಲಿ ಶುರುವಾದ ಡೀವಿಯಂಟ್‌ಆರ್ಟ್‌ನಂಥ ತಾಣಗಳಲ್ಲಿ ಚಿತ್ರ ಬಿಡಿಸುತ್ತಲೇ ಆಡುವ ಆಟಗಳಿವೆ. ಕುದುರೆ, ತೋಳ, ಡ್ರ್ಯಾಗನ್, ಇಲ್ಲವೇ ಆ ಗುಂಪೇ ಕಲ್ಪಿಸಿಕೊಂಡ ಒಂದು ಜೀವಿ ನಿಮ್ಮ ಪಾತ್ರ. ಅದು ಬೇಟೆಗೆ ಹೋಗಬೇಕು, ತರಬೇತಿ ಮುಗಿಸಬೇಕು, ಹೊಸ ಸೀಮೆಗೆ ಕಾಲಿಡಬೇಕು ಎಂದರೆ ಆ ಸಂದರ್ಭದ ಚಿತ್ರವನ್ನು ನೀವು ಸಲ್ಲಿಸಬೇಕು. ನಿಯಮ ಗುಂಪಿನಿಂದ ಗುಂಪಿಗೆ ಬೇರೆಯಾದರೂ ಸಾಮಾನ್ಯವಾಗಿ ಮೂರು ಬೇಡಿಕೆ ಇರುತ್ತವೆ: ದೇಹದ ಬಹುಪಾಲು ಕಾಣಬೇಕು, ಶೇಡಿಂಗ್ (ಬೆಳಕು–ನೆರಳಿನ ಛಾಯೆ) ಇರಬೇಕು, ಹಿನ್ನೆಲೆ ಇರಬೇಕು. ಮೊದಲೆರಡಕ್ಕೆ ಯಾರದೂ ತಕರಾರಿಲ್ಲ.

ಹಿನ್ನೆಲೆ ಎಂದೊಡನೆ ಎಲ್ಲರ ಕಣ್ಣಮುಂದೆ ಬೆಟ್ಟ, ಮೋಡ, ಸಾವಿರ ಎಲೆಗಳು ಬಂದು ನಿಲ್ಲುತ್ತವೆ. ಅದಕ್ಕೇ ಭಯ. ನಾನು ಚಿತ್ರದಲ್ಲಿ ಹುಡುಕುವುದು ಅಷ್ಟೆಲ್ಲ ಇಲ್ಲ. ಈ ಜೀವ ಎಲ್ಲಿದೆ, ಅದರ ಕಾಲು ಯಾವುದರ ಮೇಲಿದೆ, ಬೆಳಕು ಎಲ್ಲಿಂದ ಬೀಳುತ್ತಿದೆ? ಇಷ್ಟು ಗೊತ್ತಾದರೆ ನನ್ನ ಮಟ್ಟಿಗೆ ಹಿನ್ನೆಲೆ ಇದೆ. ಗೊತ್ತಾಗದಿದ್ದರೆ ಹಿಂದೆ ಎಷ್ಟು ಮರ ನೆಟ್ಟರೂ ಇಲ್ಲ. ಬೇಟೆಯ ಚಿತ್ರದಲ್ಲಿ ಬಿಳಿ ಹಾಳೆಯ ಮೇಲೆ ಓಡುತ್ತಿರುವ ತೋಳ ಅಟ್ಟಿಸಿಕೊಂಡು ಹೋಗುತ್ತಿದೆಯೋ, ತಾನೇ ಜೀವ ಉಳಿಸಿಕೊಳ್ಳಲು ಓಡುತ್ತಿದೆಯೋ ಹೇಳಲು ಬರುವುದಿಲ್ಲ. ಪಕ್ಕದಲ್ಲಿ ತುಳಿದು ಮುರಿದ ಜೊಂಡು, ಮುಂದೆ ಒದ್ದೆ ಮಣ್ಣಲ್ಲಿ ಜಿಂಕೆಯ ಗೊರಸಿನ ಗುರುತು ಹಾಕಿ, ಕಥೆ ತಾನಾಗಿ ತಿಳಿಯುತ್ತದೆ. ಚಂದಮಾಮ ಓದಿದವರಿಗೆ ಕೆ.ಸಿ. ಶಿವಶಂಕರನ್ ಬರೆದ ವಿಕ್ರಮ–ಬೇತಾಳ ನೆನಪಿರುತ್ತದೆ. ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ. ಆ ಸ್ಮಶಾನದ ರಾತ್ರಿಯನ್ನು ಅಳಿಸಿ ನೋಡಿದರೆ ರಾಜನ ಧೈರ್ಯಕ್ಕೆ ಆಧಾರವೇ ಉಳಿಯುವುದಿಲ್ಲ.

ಸಲ್ಲಿಸಿದ ಚಿತ್ರಕ್ಕೆ ಆಟದಲ್ಲಿ ಸಿಗುವ ಅಂಕದ ನ್ಯಾಯವೂ ಒಂದಿದೆ. ಒಬ್ಬರು ವಾರವಿಡೀ ಕೂತು ದೃಶ್ಯ ಕಟ್ಟಿರುತ್ತಾರೆ, ಇನ್ನೊಬ್ಬರು ಹಳೆಯ ಭಂಗಿಯ ಹಿಂದೆ ಗ್ರೇಡಿಯೆಂಟ್ (ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಬಳಿತ) ಎಳೆದಿರುತ್ತಾರೆ. ಇಬ್ಬರಿಗೂ ಒಂದೇ ಫಲ ಕೊಟ್ಟರೆ ಮೊದಲನೆಯವರು ಬೇಸತ್ತು ಬಿಟ್ಟುಹೋಗುತ್ತಾರೆ. ಅದು ನಿಜ, ಆದರೆ ನನಗೆ ಅದಕ್ಕಿಂತ ಮುಖ್ಯ, ಹಿನ್ನೆಲೆ ಬಂದಾಗ ಪಾತ್ರವೇ ಉತ್ತಮವಾಗುತ್ತದೆ ಎಂಬುದು.

ಕಾಲಿನ ಹತ್ತಿರದಿಂದಲೇ ಶುರು ಮಾಡೋಣ. ಕುದುರೆ ಹುಲ್ಲಿನ ಮೇಲೆ ನಿಂತಿದೆ ಎಂದುಕೊಳ್ಳಿ. ಚಿತ್ರ ಬಿಡಿಸುವ ಆಪ್ ಒಳಗೆ ಒಂದರ ಮೇಲೊಂದು ಇಡುವ ಪಾರದರ್ಶಕ ಪದರವೇ ಲೇಯರ್. ಹೆಚ್ಚಿನವರು ಹುಲ್ಲನ್ನು ಒಂದು ಲೇಯರ್‌ನಲ್ಲಿ, ಕುದುರೆಯನ್ನು ಅದರ ಮೇಲಿನ ಲೇಯರ್‌ನಲ್ಲಿ ಬಿಡಿಸಿ ಮುಗಿಸುತ್ತಾರೆ. ಆಗ ಕುದುರೆ ಅಂಟಿಸಿದ ಸ್ಟಿಕ್ಕರ್ ಥರ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಇನ್ನೊಂದು ಲೇಯರ್ ತೆರೆದು ನಾಲ್ಕಾರು ಹುಲ್ಲಿನ ಎಸಳುಗಳನ್ನು ಗೊರಸಿನ ಮೇಲೆ ಹಾಯಿಸಿ. ಗೊರಸು ನೆಲಕ್ಕೆ ತಾಗುವಲ್ಲಿ ನೆರಳನ್ನು ಗಾಢವಾಗಿ, ಅಂಚು ಸ್ಪಷ್ಟವಾಗಿರುವಂತೆ ಹಾಕಿ. ಕಾಲಿನಿಂದ ದೂರ ಹೋದಂತೆ ಅಂಚು ಮಸುಕಾಗಲಿ. ಬಿಸಿಲಿನ ಚಿತ್ರವಾದರೆ ನೆರಳಿಗೆ ಬರೀ ಕಪ್ಪು ಬಳಿಯಬೇಡಿ. ಅಲ್ಲಿಗೆ ಬಿಸಿಲು ಬೀಳದಿದ್ದರೂ ಆಕಾಶದ ಬೆಳಕು ಬೀಳುತ್ತದೆ, ಹಾಗಾಗಿ ತುಸು ನೀಲಿ ಬೇಕು. ಇಷ್ಟು ಮಾಡಿದರೆ ಕುದುರೆಗೆ ಭಾರ ಬರುತ್ತದೆ.

ಆಮೇಲೆ ದಿಗಂತ ರೇಖೆ. ಅದು ನೋಡುವವರ ಕಣ್ಣಿನ ಎತ್ತರ, ಮನಸ್ಸಿಗೆ ಬಂದಲ್ಲಿ ಎಳೆಯುವ ಗೆರೆಯಲ್ಲ. ಸಮತಟ್ಟಾದ ನೆಲದಲ್ಲಿ ಒಂದೇ ಎತ್ತರದ ಎರಡು ಪಾತ್ರ ನಿಂತಿದ್ದು, ಹತ್ತಿರದ್ದನ್ನು ದಿಗಂತ ಭುಜದ ಮಟ್ಟದಲ್ಲಿ ದಾಟಿದರೆ ದೂರದ್ದನ್ನೂ ಭುಜದಲ್ಲೇ ದಾಟಬೇಕು. ಇದು ತಪ್ಪಿದಾಗ ಒಂದು ಪಾತ್ರ ಗಾಳಿಯಲ್ಲಿ ತೇಲುತ್ತದೆ, ಇಲ್ಲವೇ ಗುಂಡಿಯಲ್ಲಿ ಇಳಿದಂತಿರುತ್ತದೆ. ಡ್ರ್ಯಾಗನ್ ಭಾರೀ ಗಾತ್ರದ್ದೆಂದು ತೋರಿಸಬೇಕಾದರೆ ದಿಗಂತವನ್ನು ಅದರ ಪಾದದ ಹತ್ತಿರಕ್ಕೆ ಇಳಿಸಿ. ದೂರದ ಬೆಟ್ಟಕ್ಕೆ ಬಣ್ಣ ತೆಳು, ಗಾಢತೆ ಕಡಿಮೆ, ನೀಲಿ ಜಾಸ್ತಿ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಹಾಗೆ ಕಾಣುತ್ತದೆ. ದೂರದ ಬೆಟ್ಟ ನೀಲಿಯಾಗಿ ಕಾಣುವುದನ್ನು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ.

‘ಹಿನ್ನೆಲೆ ತುಂಬಿದರೆ ಪಾತ್ರ ಮುಚ್ಚಿಹೋಗುತ್ತೆ’ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 1942ರಲ್ಲಿ ಬಂದ ಡಿಸ್ನಿಯ ‘ಬ್ಯಾಂಬಿ’ ಎಂಬ ಜಿಂಕೆಮರಿಯ ಆನಿಮೇಷನ್ ಚಿತ್ರ ತಯಾರಾಗುವಾಗ ಇದೇ ತೊಂದರೆ ಎದುರಾಗಿತ್ತು. ಕಾಡಿನ ಒಂದೊಂದು ಎಲೆಯನ್ನೂ ಬಿಡಿಸಿದ ಹಿನ್ನೆಲೆಯಲ್ಲಿ ಜಿಂಕೆಮರಿಗಳು ಕಾಣದಾಗುತ್ತಿದ್ದವು. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಟೈರಸ್ ವಾಂಗ್ ಆಗ ಅಲ್ಲಿ ಕೆಳಹಂತದ ಕೆಲಸದಲ್ಲಿದ್ದರು. ಸುಂಗ್ ರಾಜವಂಶದ ಕಾಲದ ಚೀನೀ ಭೂದೃಶ್ಯಗಳಿಂದ ಸ್ಫೂರ್ತಿ ಪಡೆದು ಮಂಜು, ಬೆಳಕು, ಕೆಲವೇ ಬಣ್ಣಗಳಲ್ಲಿ ಕಾಡನ್ನು ಸೂಚಿಸುವ ಚಿತ್ರಗಳನ್ನು ಮಾಡಿ ತೋರಿಸಿದರು. ಇಡೀ ಚಿತ್ರದ ನೋಟವೇ ಆ ದಾರಿ ಹಿಡಿಯಿತು. ಅವರು 106 ವರ್ಷ ಬದುಕಿ 2016ರಲ್ಲಿ ತೀರಿಕೊಂಡರು. ಹಿನ್ನೆಲೆ ಬರೆಯಲು ಹೆದರುವವರಿಗೆಲ್ಲ ನಾನು ಮೊದಲು ಅವರ ಕೆಲಸ ನೋಡಲು ಹೇಳುತ್ತೇನೆ. ವಿವರವೆಲ್ಲ ಪಾತ್ರದ ಸುತ್ತ, ಅಂಚಿಗೆ ಹೋದಂತೆ ಎಲ್ಲವೂ ಕರಗುತ್ತದೆ.

ಫೋಟೋ ಹಾಕಬಹುದಾ ಎಂದೂ ಕೇಳುತ್ತಾರೆ. ನಮ್ಮಲ್ಲಿ ಬೇಡ. ಯಾರೋ ತೆಗೆದ ಫೋಟೋಗೆ ಅವರ ಹಕ್ಕಿದೆ. ಅಲ್ಲದೆ ಫೋಟೋದಲ್ಲಿ ಬೆಳಕು ಎಡದಿಂದ, ಪಾತ್ರದ ಮೇಲೆ ಬಲದಿಂದ ಬಿದ್ದಿದ್ದರೆ ಯಾವ ಬ್ಲರ್ ಹಾಕಿದರೂ ಅದು ಮುಚ್ಚುವುದಿಲ್ಲ. ನೋಡಿಕೊಂಡು ಬಿಡಿಸಲು ನೀವೇ ತೆಗೆದ ಫೋಟೋ ಇಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆಯದಿಲ್ಲ.

ಇಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಸಾಗರ, ಪುತ್ತೂರು ಕಡೆಯ ಹುಡುಗ ಹುಡುಗಿಯರು ಕೂಡ ಹಿಮ ಬಿದ್ದ ಪೈನ್ ಕಾಡನ್ನೇ ಬಿಡಿಸಿ ಕಳಿಸುತ್ತಾರೆ, ಉಳಿದವರೆಲ್ಲ ಅದನ್ನೇ ಬಿಡಿಸುತ್ತಾರೆಂದು. ನಿಮ್ಮ ಮನೆಯ ಹಿಂದೆಯೇ ಅಡಿಕೆ ತೋಟ ಇದೆಯಲ್ಲ! ನೆಟ್ಟಗಿನ ಮರಗಳು ಸಾಲಾಗಿ ದೂರಕ್ಕೆ ಸಣ್ಣದಾಗುತ್ತ ಹೋಗಿ ಆಳವನ್ನು ತಾವೇ ತೋರಿಸುತ್ತವೆ, ಸೋಗೆಯ ಸಂದಿನಿಂದ ಬಿಸಿಲು ತುಂಡು ತುಂಡಾಗಿ ಬೀಳುತ್ತದೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ಪಾರೆಯ ಮೇಲೆ ಬಿಳಿ ತೋಳವನ್ನು ನಿಲ್ಲಿಸಿದರೆ ಕೆಂಪು ನೆಲದ ಬೆಳಕು ಹೊಟ್ಟೆಯ ಅಡಿಗೆ ಚಿಮ್ಮುತ್ತದೆ. ಅಂಥ ಚಿತ್ರ ಸಾಲಿನಲ್ಲಿ ಬಂದರೆ ನನ್ನ ಕೈ ಅಲ್ಲೇ ನಿಲ್ಲುತ್ತದೆ.

ನಿಯಮ ಬರೆಯುವವರ ಜೊತೆಗೂ ನನಗೆ ಜಗಳವಿದೆ. ‘ಕನಿಷ್ಠ ಮೂರು ವಸ್ತು ಇರಬೇಕು’ ಎಂದು ಲೆಕ್ಕ ಹಾಕುವುದು ಸರಿಯಲ್ಲ. ಜನ ಕಲ್ಲು, ಪೊದೆ, ಮೋಡ ಇಟ್ಟು ಕೈತೊಳೆದುಕೊಳ್ಳುತ್ತಾರೆ. ದಟ್ಟ ಮಂಜಿನಲ್ಲಿ ಬರೀ ಒಂದು ಬೇಲಿಗೂಟ ಕಾಣುವ ಚಿತ್ರ ಪೂರ್ಣ ಹಿನ್ನೆಲೆಯೇ. ಹಾಗೆಯೇ ಪಾತ್ರದ ಗುರುತು, ಬಣ್ಣ ತೋರಿಸುವ ರೆಫರೆನ್ಸ್ ಶೀಟ್‌ಗೆ ಹಿನ್ನೆಲೆ ಕೇಳಬಾರದು. ಅದಕ್ಕೆ ಸಾದಾ ಬೂದು ಬಣ್ಣವೇ ಸರಿ, ಇಲ್ಲದಿದ್ದರೆ ಮೈಬಣ್ಣ ತಪ್ಪಾಗಿ ಕಾಣುತ್ತದೆ.

ನಿಮ್ಮ ಚಿತ್ರ ವಾಪಸ್ ಬಂದಿದ್ದರೆ ಪಾತ್ರವನ್ನು ಮುಟ್ಟಬೇಡಿ. ಮೊದಲು ನೆಲ ಯಾವುದೆಂದು ತೀರ್ಮಾನಿಸಿ, ಪಾದದ ನೆರಳು ಹಾಕಿ, ಆಮೇಲೆ ದಿಗಂತ, ಕೊನೆಗೆ ನೆಲದ ಬಣ್ಣವನ್ನು ಒಂದಿಷ್ಟು ಮೈಮೇಲೆ ತನ್ನಿ. ಮತ್ತೆ ಕಳಿಸುವಾಗ ಹಳೆಯ ಚಿತ್ರವನ್ನೂ ಜೊತೆಗೆ ಹಾಕಿ, ಏನು ಬದಲಾಗಿದೆ ಎಂದು ನಮಗೆ ಬೇಗ ತಿಳಿಯುತ್ತದೆ.